ಹಿಮಕ್ಕೂ ಒಂದು ಹದ

(ಪುಣೆಯಲ್ಲಿ ನಮ್ಮ ಕನ್ನಡ ಬಳಗದ ತಿಂಗಳ ಸಭೆಯಲ್ಲಿ ಆಡಿದ ಮಾತು. ಆಡಿದ್ದನ್ನೇ ಸ್ವಲ್ಪ ಒಪ್ಪ ಮಾಡಿ ಬರೆದಿದ್ದೇನೆ. ಕೊನೆಗೆ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮೂರು ಗದಗ ಜಿಲ್ಲೆಯ ರೋಣದ ಕಡೆ. ಎರೆ ಭೂಮಿ. ಮಳೆ ಬಿದ್ದ ಮಾರನೆಯ ದಿನ ಅಪ್ಪ ಹೊಲಕ್ಕೆ ಹೋಗಿ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿಯಲ್ಲಿ ಅದುಮುತ್ತಿದ್ದರು. ಮಣ್ಣು ಬೆರಳಿಗೆ ಮೆತ್ತಿಕೊಂಡರೆ ಎತ್ತುಗಳನ್ನು ವಾಪಸ್ ಮನೆಗೆ ಹೊಡೆಯುತ್ತಿದ್ದರು. ಉಂಡೆಯಾಗಿ ನಿಂತು, ತಟ್ಟಿದರೆ ಪುಡಿಯಾದರೆ ಆಗ ಮಾತ್ರ ಕುಂಟೆ ಹೂಡುತ್ತಿದ್ದರು. ಹದ ಬಂತು ಅನ್ನುತ್ತಿದ್ದರು.

ಇದಾಗಿ ಐವತ್ತು ವರ್ಷ ಕಳೆದ ಮೇಲೆ ಕೆನಡಾದಲ್ಲಿ, ಸಡ್‌ಬರಿ ಅನ್ನುವ ಊರಿನ ಹೊರಗೆ, ರಾತ್ರಿ ಹತ್ತು ಗಂಟೆಗೆ, ಮೈನಸ್ 12 ಡಿಗ್ರಿ ಚಳಿಯಲ್ಲಿ ಒಬ್ಬ ವಯಸ್ಸಾದ ರೈತ ದೊಡ್ಡ ಯಂತ್ರದಿಂದ ಕೆಳಗಿಳಿದರು. ಕೈಗವಸು ಬಿಚ್ಚಿದರು. ಒಂದು ಹಿಡಿ ಹಿಮ ಎತ್ತಿ ಮುಷ್ಟಿಯಲ್ಲಿ ಅದುಮಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಮೈ ಜುಮ್ಮೆಂದಿತು. ಇವತ್ತು ನಾನು ಹೇಳುವುದೆಲ್ಲ ಆ ಒಂದು ಮುಷ್ಟಿಯ ಬಗ್ಗೆ.

ನನ್ನ ಪರಿಚಯ ಇಲ್ಲಿ ಹಲವರಿಗೆ ಇದೆ. 31 ವರ್ಷ ಇದೇ ಊರಲ್ಲಿ ರೋಡ್ ರೋಲರ್ ತಯಾರಿಸುವ ಕಾರ್ಖಾನೆಯಲ್ಲಿ ದುಡಿದೆ. ಹೈಡ್ರಾಲಿಕ್ಸ್ ನನ್ನ ವಿಭಾಗ. ನಿವೃತ್ತಿ ಆದ ಮೇಲೆ ನಾನು, ನನ್ನ ಹೆಂಡತಿ ಮೂರು ಚಳಿಗಾಲ ಮಗಳ ಮನೆಯಲ್ಲಿ ಇದ್ದೆವು. ಸಡ್‌ಬರಿ ನಿಕಲ್ ಗಣಿಗಳ ಊರು, ಅಳಿಯನಿಗೆ ಅಲ್ಲೇ ಕೆಲಸ. ಮನೆಯೊಳಗೆ ಕೂತು ಕಿಟಕಿಯಾಚೆ ಬಿಳಿ ನೋಡುವುದು ಎಷ್ಟು ದಿನ? ಪಕ್ಕದ ಮನೆಯವರು ಅಲ್ಲಿನ ಸ್ನೋಮೊಬೈಲ್ ಕ್ಲಬ್ಬಿನ ಸದಸ್ಯರು. ಅವರ ಶೆಡ್ಡಿನಲ್ಲಿ ಒಂದು ಹೈಡ್ರಾಲಿಕ್ ಸಿಲಿಂಡರ್ ಸೋರುತ್ತಿತ್ತು. ಸ್ವಲ್ಪ ನೋಡಿಕೊಡುತ್ತೀರಾ ಅಂದರು. ಹೋದೆ. ಆಮೇಲೆ ಮೂರು ವರ್ಷ ಹೋಗುತ್ತಲೇ ಇದ್ದೆ. ಸೀಲ್ ಹಾಕುವುದು, ಸವೆದ ಅಲಗು ಬದಲಿಸುವುದು, ದಾರಿಯಲ್ಲಿ ಬೋರ್ಡು ನೆಡುವುದು ನನ್ನ ಪಾಲಿನ ಕೆಲಸ. ವಾರಕ್ಕೆ ಒಂದೆರಡು ರಾತ್ರಿ, ಸ್ನೋಮೊಬೈಲ್ ಓಡುವ ಹಿಮದ ಹಾದಿಯನ್ನು ಸಪಾಟು ಮಾಡುವ ಯಂತ್ರದಲ್ಲಿ ಆಪರೇಟರ್ ಪಕ್ಕದ ಸೀಟಿನಲ್ಲಿ ಕೂತು ಹೋಗುತ್ತಿದ್ದೆ. ಹಿಮ ಅದುಮಿ ನೋಡಿದ ಆ ರೈತರೇ ನಮ್ಮ ಆಪರೇಟರ್. ಯಂತ್ರ ನಾನು ಓಡಿಸಲಿಲ್ಲ. ಅದಕ್ಕೆ ತರಬೇತಿ ಬೇಕು. ಆದರೆ ಕಣ್ತುಂಬ ನೋಡಿದೆ.

ಸ್ನೋಮೊಬೈಲ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮುಂದೆ ಎರಡು ಸ್ಕೀ, ಅಂದರೆ ಜಾರುಪಟ್ಟಿ. ಹಿಂದೆ ಚಕ್ರದ ಬದಲು ಅಗಲವಾದ ರಬ್ಬರ್ ಪಟ್ಟೆ, ಟ್ಯಾಂಕಿನ ಹಾಗೆ ಸುತ್ತುತ್ತದೆ. ಬೈಕಿನಂತೆ ಕೂತು ಓಡಿಸಬಹುದು. ಈಗ ಹೆಚ್ಚಿನವರಿಗೆ ಅದು ಮೋಜಿನ ಗಾಡಿ. ಆದರೆ ಹುಟ್ಟಿದ್ದು ಮೋಜಿಗಾಗಿ ಅಲ್ಲ. ಕ್ವಿಬೆಕ್ ಪ್ರಾಂತ್ಯದ ವಾಲ್‌ಕೂರ್ ಅನ್ನುವ ಸಣ್ಣ ಊರಿನಲ್ಲಿ ಜೋಸೆಫ್ ಅರ್ಮಾಂಡ್ ಬೊಂಬಾರ್ಡಿಯೆ ಅಂತ ಒಬ್ಬ ಮೆಕ್ಯಾನಿಕ್ ಇದ್ದರು. 1934ರ ಚಳಿಗಾಲದಲ್ಲಿ ಅವರ ಎರಡು ವರ್ಷದ ಮಗನಿಗೆ ಹೊಟ್ಟೆಯ ಕಾಯಿಲೆ ಜೋರಾಯಿತು. ಆಸ್ಪತ್ರೆಗೆ ಹೋಗಲು ದಾರಿಯೇ ಇಲ್ಲ, ಎಲ್ಲ ಹಿಮ ಮುಚ್ಚಿತ್ತು. ಮಗು ಉಳಿಯಲಿಲ್ಲ. ಹಿಮದ ಮೇಲೆ ಓಡುವ ಗಾಡಿಯ ಕನಸು ಅವರಿಗೆ ಹುಡುಗನಾಗಿದ್ದಾಗಿನಿಂದಲೇ ಇತ್ತು. 1937ರ ಹೊತ್ತಿಗೆ ಏಳು ಜನ ಕೂರುವ ಹಿಮದ ಬಂಡಿ ಮಾಡಿ ಮಾರತೊಡಗಿದರು. ಡಾಕ್ಟರು, ಅಂಚೆಯವರು, ಶಾಲೆಯ ಮಕ್ಕಳು ಅದರಲ್ಲಿ ಓಡಾಡಿದರು. ಒಬ್ಬಿಬ್ಬರು ಕೂರುವ ಸಣ್ಣ ಸ್ಕೀ-ಡೂ ಬಂದದ್ದು 1959ರಲ್ಲಿ. ಆಮೇಲೆ ಹಾದಿಗಳು ಬೆಳೆದವು. ಇವತ್ತು ಒಂಟಾರಿಯೊ ಪ್ರಾಂತ್ಯ ಒಂದರಲ್ಲೇ ಸುಮಾರು 30 ಸಾವಿರ ಕಿ.ಮೀ. ಹಾದಿ ಇದೆ. ಕ್ವಿಬೆಕ್‌ನಲ್ಲಿ ಅದಕ್ಕಿಂತ ಜಾಸ್ತಿ. ಇದನ್ನು ನೋಡಿಕೊಳ್ಳುವವರು ಬಹುಪಾಲು ನನ್ನ ಪಕ್ಕದ ಮನೆಯವರಂಥ ಸ್ವಯಂಸೇವಕರು. ಸವಾರರು ಪರ್ಮಿಟ್ ಕೊಳ್ಳುತ್ತಾರೆ, ಆ ಹಣದಲ್ಲಿ ಡೀಸೆಲ್ಲು, ಯಂತ್ರ, ರಿಪೇರಿ.

ಹಿಮದ ಮೇಲೆ ಓಡುವ ಗಾಡಿಗೆ ಹಾದಿ ಯಾಕೆ ಬೇಕು? ನಾನೂ ಮೊದಲು ಇದನ್ನೇ ಕೇಳಿದೆ. ಎಲ್ಲ ಕಡೆ ಹಿಮ ಇದೆಯಲ್ಲ, ಎಲ್ಲಿ ಬೇಕಾದರೂ ಹೋಗಬಹುದಲ್ಲ ಅಂತ.

ನಮ್ಮ ಹಳ್ಳಿಯ ಮುರ್ರಂ ರಸ್ತೆ ನೆನಪು ಮಾಡಿಕೊಳ್ಳಿ. ಹೊಸದಾಗಿ ಹಾಸಿದಾಗ ಚಾಪೆಯ ಹಾಗೆ ಇರುತ್ತದೆ. ಎರಡು ತಿಂಗಳಲ್ಲಿ ಅಡ್ಡಡ್ಡ ಅಲೆ ಏಳುತ್ತದೆ. ಬಸ್ಸು ಗಡಗಡ ನಡುಗಿ ಹಲ್ಲು ಅಲ್ಲಾಡುತ್ತದೆ. ಯಾರೂ ಬೇಕಂತ ಮಾಡಿದ್ದಲ್ಲ, ಆದರೂ ಅಳತೆ ಹಿಡಿದ ಹಾಗೆ ಒಂದೇ ಅಂತರದಲ್ಲಿ ಉಬ್ಬು. ಹಿಮದ ಹಾದಿಯಲ್ಲೂ ಅದೇ ಆಗುತ್ತದೆ, ಆದರೆ ತಿಂಗಳಲ್ಲಿ ಅಲ್ಲ, ಒಂದೇ ಮಧ್ಯಾಹ್ನದಲ್ಲಿ. ರಬ್ಬರ್ ಪಟ್ಟೆ ಹಿಮವನ್ನು ಕೆರೆದು ಹಿಂದಕ್ಕೆ ಎಸೆಯುತ್ತದೆ. ಒಂದು ಸಣ್ಣ ಗುಪ್ಪೆ ಆಗುತ್ತದೆ. ಮುಂದಿನ ಗಾಡಿ ಅದರ ಮೇಲೆ ಹಾರಿ, ಆಚೆ ಬದಿಯಲ್ಲಿ ಕುಕ್ಕರಿಸಿ ಗುಂಡಿ ತೋಡುತ್ತದೆ. ಅದರ ಮುಂದಿನದು ಇನ್ನೂ ಆಳ. ತಿರುವಿನಲ್ಲಿ, ಏರಿನಲ್ಲಿ, ಬ್ರೇಕು ಹಾಕುವ ಕಡೆ ಬೇಗ ಬೇಗ ಏಳುತ್ತವೆ. ಇಲ್ಲಿ ಬಸ್ ಸ್ಟಾಪಿನ ಹತ್ತಿರ ಡಾಂಬರು ಉಬ್ಬಿ ಮುದ್ದೆಯಾಗಿರುತ್ತಲ್ಲ, ಅದೇ ಕಾರಣ. ಸವಾರರು ಈ ಉಬ್ಬುಗಳಿಗೆ ಮೊಗಲ್ ಅನ್ನುತ್ತಾರೆ. ಪುಣೆಯಲ್ಲಿ ಆ ಮಾತು ಕೇಳಿದರೆ ನಮಗೆ ಬೇರೆ ಯಾರೋ ನೆನಪಾಗುತ್ತಾರೆ. ಅವರಿಗೂ ಇದಕ್ಕೂ ಸಂಬಂಧ ಇಲ್ಲ. ಸಣ್ಣ ದಿಬ್ಬ ಅನ್ನುವ ಅರ್ಥದ ಒಂದು ಜರ್ಮನ್ ಆಡುಮಾತಿನಿಂದ ಬಂದ ಪದ ಅದು. ಮೊಣಕಾಲೆತ್ತರದ ಉಬ್ಬುಗಳ ಮೇಲೆ ನಲವತ್ತು ಕಿ.ಮೀ. ಹೋದರೆ ಸೊಂಟದ ಕಥೆ ಮುಗಿಯಿತು. ಗಾಡಿ ಕೈತಪ್ಪಿ ಮರಕ್ಕೆ ಬಡಿಯುವುದೂ ಉಂಟು.

ಈ ಅಲೆಗಳ ಬಗ್ಗೆ ಒಂದು ಚಂದದ ಪ್ರಯೋಗ ಇದೆ. 2007ರಲ್ಲಿ ಪ್ರಕಟವಾಯಿತು. ಭೌತಶಾಸ್ತ್ರಜ್ಞರು ತಿರುಗುವ ಮೇಜಿನ ಮೇಲೆ ಮರಳು ಹಾಸಿ ಅದರ ಮೇಲೆ ಒಂದು ಚಕ್ರ ಉರುಳಲು ಬಿಟ್ಟರು. ಎಂಜಿನ್ ಇಲ್ಲ, ಸ್ಪ್ರಿಂಗ್ ಇಲ್ಲ, ಸುಮ್ನೆ ಉರುಳುವ ಚಕ್ರ. ಆದರೂ ಅಲೆ ಎದ್ದಿತು. ಆದರೆ ಒಂದು ವೇಗದ ಕೆಳಗೆ ಮಾತ್ರ ಏಳಲಿಲ್ಲ, ಮರಳು ಸಪಾಟಾಗಿಯೇ ಉಳಿಯಿತು. ಆಮೇಲೆ ಚಕ್ರದ ಬದಲು ಓರೆಯಾದ ಹಲಗೆ ಎಳೆದು ನೋಡಿದರು. ಆಗಲೂ ವೇಗ ದಾಟಿದರೆ ಅಲೆ. ಈ ಹಲಗೆಯ ಮಾತು ನೆನಪಿಡಿ, ಇನ್ನೊಂದು ಸಲ ಬರುತ್ತದೆ.

ಈಗ ಯಂತ್ರದ ವಿಷಯ. ಮುಂದೆ ಒಂದು ಟ್ರ್ಯಾಕ್ಟರು. ಚಕ್ರದ ಜಾಗದಲ್ಲಿ ಅಗಲವಾದ ಪಟ್ಟೆಗಳು, ಭಾರ ಹರಡಿಕೊಂಡು ಹಿಮದಲ್ಲಿ ಹೂತುಹೋಗದಿರಲಿ ಅಂತ. ಜರ್ಮನಿಯ ಪಿಸ್ಟೆನ್‌ಬುಲ್ಲಿ, ಇಟಲಿಯ ಪ್ರಿನೋತ್, ಅಮೆರಿಕದ ಟಕರ್ ಹೀಗೆ ಹಲವು ಕಂಪನಿಗಳಿವೆ. ಟಕರ್‌ನ ನಾಲ್ಕು ಪಟ್ಟೆಯ ಗಾಡಿಗಳಲ್ಲೇ ಬ್ರಿಟಿಷ್ ಅನ್ವೇಷಕ ವಿವಿಯನ್ ಫುಕ್ಸ್ ಅವರ ತಂಡ 1957-58ರಲ್ಲಿ ಅಂಟಾರ್ಕ್ಟಿಕಾವನ್ನು ಈ ತುದಿಯಿಂದ ಆ ತುದಿಗೆ 99 ದಿನಗಳಲ್ಲಿ ದಾಟಿತು. ಟ್ರ್ಯಾಕ್ಟರಿನ ಮೂತಿಗೆ ಒಂದು ದೊಡ್ಡ ಬ್ಲೇಡು. ಹಿಂದೆ ಎಳೆದುಕೊಂಡು ಬರುವುದಕ್ಕೆ ಅವರು ಡ್ರ್ಯಾಗ್ ಅನ್ನುತ್ತಾರೆ. ಅದನ್ನು ನೋಡಿದ ತಕ್ಷಣ ನನ್ನ ಬಾಯಿಂದ ಬಂದ ಮಾತು: ಇದು ಕುಂಟೆ!

ನಿಜವಾಗಿ ಕುಂಟೆಯೇ. ಎಂಟೊಂಬತ್ತು ಮೀಟರ್ ಉದ್ದದ ಕಬ್ಬಿಣದ ಚೌಕಟ್ಟು. ಅದರಲ್ಲಿ ಸಾಲಾಗಿ ಓರೆಯಾದ ಅಲಗುಗಳು. ಮೊದಲನೆಯದು ಹಿಮವನ್ನು ಕತ್ತರಿಸಿ ಬಲಕ್ಕೆ ಉರುಳಿಸುತ್ತದೆ, ಮುಂದಿನದು ಅದನ್ನೇ ಎಡಕ್ಕೆ ತರುತ್ತದೆ, ಮತ್ತೆ ಬಲಕ್ಕೆ. ಹಿಮ ಮಗುಚಿ ಮಗುಚಿ ಹೊರಳುತ್ತದೆ. ಕೊನೆಯಲ್ಲಿ ಅಗಲವಾದ ಒಂದು ತಗಡು, ಅದು ಎಲ್ಲವನ್ನೂ ಒತ್ತಿ ಸಪಾಟು ಮಾಡುತ್ತದೆ. ಅಂದರೆ ಮುಂದೆ ಕುಂಟೆ, ಹಿಂದೆ ಹಲಗೆ. ಊರಲ್ಲಿ ಹಲಗೆ ಹೊಡೆಯುವಾಗ ಭಾರಕ್ಕೆ ಹುಡುಗರನ್ನು ಅದರ ಮೇಲೆ ಕೂರಿಸುತ್ತಿದ್ದರು. ನಾನೂ ಕೂತವನೇ.

ಚೌಕಟ್ಟು ಅಷ್ಟು ಉದ್ದ ಯಾಕೆ ಅಂದರೆ, ಬಡಗಿ ಉದ್ದನೆಯ ಹಲಗೆಗೆ ಉದ್ದನೆಯ ಕೀಸುಳಿ ಹಿಡಿಯುವುದಿಲ್ಲವೇ, ಅದಕ್ಕೇ. ಚಿಕ್ಕ ಚೌಕಟ್ಟು ಉಬ್ಬಿನ ಮೇಲೆ ಏರಿ ಗುಂಡಿಯಲ್ಲಿ ಇಳಿದು ಬರುತ್ತದೆ. ಉದ್ದದ್ದು ಎರಡು ಮೂರು ಉಬ್ಬುಗಳ ಮೇಲೆ ಒಟ್ಟಿಗೆ ಕೂರುತ್ತದೆ, ಮೇಲಿದ್ದದ್ದನ್ನು ಮಾತ್ರ ಕತ್ತರಿಸುತ್ತದೆ.

ಎಷ್ಟು ಆಳ ಕತ್ತರಿಸಬೇಕು ಅನ್ನುವುದರಲ್ಲಿ ಕಸುಬು ಇದೆ. ಉಬ್ಬಿನ ತಲೆ ಸವರಿ ಆ ಪುಡಿಯನ್ನು ಗುಂಡಿಗೆ ತುಂಬಿದರೆ ನೋಡಲು ಚಂದ ಇರುತ್ತದೆ. ಬೆಳಿಗ್ಗೆ ಹತ್ತು ಗಾಡಿ ಹೋದರೆ ಗುಂಡಿಯ ಪುಡಿ ಎದ್ದು ಹೋಗುತ್ತದೆ, ಉಬ್ಬಿನ ಗಟ್ಟಿ ಬುಡ ಅಲ್ಲೇ ಇರುತ್ತದೆ. ಅದೇ ಜಾಗದಲ್ಲಿ ಅದೇ ಉಬ್ಬು ಮತ್ತೆ. ರಸ್ತೆಯ ಗುಂಡಿಗೆ ಬುಟ್ಟಿಯಲ್ಲಿ ಖಡಿ ಸುರಿದು ಹೋಗುವುದನ್ನು ನಾವು ಪ್ರತಿ ಮಳೆಗಾಲ ನೋಡುತ್ತೇವಲ್ಲ. ಅಲಗು ಗುಂಡಿಯ ತಳದವರೆಗೆ ಇಳಿಯಬೇಕು. ಬುಡ ಸಮೇತ ಕಿತ್ತು, ಪುಡಿ ಮಾಡಿ, ಕಲಸಿ, ಹೊಸದಾಗಿ ಹಾಸಬೇಕು. ಇದಕ್ಕೆ ಡೀಸೆಲ್ಲು ಜಾಸ್ತಿ, ಹೊತ್ತು ಜಾಸ್ತಿ, ಅಲಗೂ ಸವೆಯುತ್ತದೆ. ಆದರೆ ಇನ್ನೊಂದು ದಾರಿ ಇಲ್ಲ.

ವೇಗ ಗಂಟೆಗೆ ಹತ್ತು ಕಿ.ಮೀ. ಆಸುಪಾಸು. ಯಂತ್ರಕ್ಕೆ ಇನ್ನೂ ಓಡುವ ಶಕ್ತಿ ಇದೆ. ಓಡಿಸಿದರೆ ಡ್ರ್ಯಾಗ್ ಕುಣಿಯುತ್ತದೆ, ತಾನೇ ಅಲೆ ಬರೆಯುತ್ತದೆ. ಆಗ ಹೇಳಿದೆನಲ್ಲ, ಮರಳಿನ ಮೇಲೆ ಎಳೆದ ಓರೆ ಹಲಗೆ, ಅದೇ ಇದು. ನಮ್ಮ ಆಪರೇಟರ್‌ಗೆ ಆ ಪ್ರಯೋಗದ ಸುದ್ದಿ ಗೊತ್ತಿರಲಿಲ್ಲ. ಆದರೆ ಸೀಟಿನ ನಡುಕದಿಂದಲೇ ಅವರಿಗೆ ತಿಳಿಯುತ್ತಿತ್ತು. ತಕ್ಷಣ ಕಾಲು ಸಡಿಲಿಸುತ್ತಿದ್ದರು.

ಇನ್ನು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಯಂತ್ರ ಹೋದ ಮೇಲೆ ಏನಾಗುತ್ತದೆ?

ಆಗ ತಾನೇ ಬಿದ್ದ ಹಿಮ ಹತ್ತಿಯ ಹಾಗೆ. ಒಂದು ಘನ ಮೀಟರ್ ತೂಗಿದರೆ 50ರಿಂದ 100 ಕಿಲೋ. ಉಳಿದದ್ದೆಲ್ಲ ಗಾಳಿ. ಎಷ್ಟೋ ಹರಳಿಗೆ ಆರು ತೋಳು, ತೋಳಿಗೆ ಕವಲು. ಅಲಗುಗಳು ಆ ತೋಳುಗಳನ್ನು ಮುರಿದು ಸಣ್ಣ ದೊಡ್ಡ ಕಾಳು ಮಾಡುತ್ತವೆ. ದೊಡ್ಡ ಕಾಳಿನ ಸಂದಿಯಲ್ಲಿ ಸಣ್ಣ ಕಾಳು ಕೂರುತ್ತದೆ. ರಸ್ತೆ ಕೆಲಸದಲ್ಲಿ ದಪ್ಪ ಜಲ್ಲಿ, ಸಣ್ಣ ಜಲ್ಲಿ, ಪುಡಿ ಮೂರನ್ನೂ ಬೆರೆಸುತ್ತೇವಲ್ಲ, ಅದೇ ಲೆಕ್ಕ. ಒತ್ತಿದ ಮೇಲೆ ಒಂದು ಘನ ಮೀಟರಿಗೆ 400 ಕಿಲೋ ದಾಟುತ್ತದೆ. ಆದರೆ ಇದಿನ್ನೂ ಒತ್ತಿಟ್ಟ ಸಕ್ಕರೆ ಅಷ್ಟೇ. ಕಾಲಿಟ್ಟರೆ ಕುಸಿಯುತ್ತದೆ.

ಇದು ಗಟ್ಟಿಯಾಗುವುದು ಹೇಗೆ? 1850ರಲ್ಲಿ ಲಂಡನ್ನಿನಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ ಒಂದು ಸರಳ ವಿಷಯ ತೋರಿಸಿದರು. ಎರಡು ಮಂಜುಗಡ್ಡೆ ತುಂಡುಗಳನ್ನು ತಾಗಿಸಿ ಹಿಡಿದರೆ ತಾವೇ ಅಂಟಿಕೊಳ್ಳುತ್ತವೆ. ನಾವು ಮೈನಸ್ ಹತ್ತು ಡಿಗ್ರಿ ಅಂದರೆ ಅಬ್ಬಾ ಎಷ್ಟು ತಣ್ಣಗೆ ಅನ್ನುತ್ತೇವೆ. ಮಂಜಿನ ಲೆಕ್ಕದಲ್ಲಿ ಅದು ತಣ್ಣಗಲ್ಲ, ಕರಗುವುದಕ್ಕೆ ಹತ್ತೇ ಡಿಗ್ರಿ ಬಾಕಿ. ಕುಲುಮೆಯಲ್ಲಿ ಬಿಳಿಯಾಗಿ ಕಾದ ಕಬ್ಬಿಣದ ಸ್ಥಿತಿ ಅದು. ಕಮ್ಮಾರ ಎರಡು ಕಾದ ತುಂಡು ಸೇರಿಸಿ ಬಡಿದರೆ ಒಂದಾಗುತ್ತವಲ್ಲ, ಹಾಗೆ ಹಿಮದ ಕಾಳುಗಳು ಮುಟ್ಟಿದಲ್ಲಿ ಸಣ್ಣ ಸೇತುವೆ ಕಟ್ಟಿಕೊಳ್ಳುತ್ತವೆ. ಹೊತ್ತು ಹೋದಂತೆ ಸೇತುವೆ ದಪ್ಪವಾಗುತ್ತದೆ. ಪಿಂಪ್ರಿ, ಭೋಸರಿ ಕಡೆಯ ಕಾರ್ಖಾನೆಗಳಲ್ಲಿ ಕೆಲಸ ಮಾಡಿದವರು ಇದನ್ನು ನೋಡಿರುತ್ತೀರಿ. ಲೋಹದ ಪುಡಿ ಒತ್ತಿ, ಕರಗದ ಹಾಗೆ ಕುಲುಮೆಯಲ್ಲಿಟ್ಟು ಬುಷ್ ಮಾಡುತ್ತಾರೆ. ಸಿಂಟರಿಂಗ್ ಅನ್ನುತ್ತಾರೆ. ಹಿಮಕ್ಕೂ ಅದೇ ಹೆಸರು.

ಹೊಸದಾಗಿ ಹಾಸಿದ ಹಾದಿ ಗಟ್ಟಿಯಾಗಲು ಕೆಲವು ಗಂಟೆ ಬೇಕು. ಒಮ್ಮೊಮ್ಮೆ ಇಡೀ ರಾತ್ರಿ. ಆ ಹೊತ್ತಿನಲ್ಲಿ ಯಾರೂ ಮುಟ್ಟಬಾರದು. ನಮ್ಮಮ್ಮ ಹಾಲಿಗೆ ಹೆಪ್ಪು ಹಾಕಿ ಮೂಲೆಯಲ್ಲಿಟ್ಟರೆ ಆ ಪಾತ್ರೆಯ ಹತ್ತಿರ ನಮ್ಮನ್ನು ಬಿಡುತ್ತಿರಲಿಲ್ಲ. ಅರ್ಧ ಹೆಪ್ಪಾದಾಗ ಅಲ್ಲಾಡಿಸಿದರೆ ನೀರು ಬೇರೆ, ಗಟ್ಟಿ ಬೇರೆ. ಆಮೇಲೆ ಎಷ್ಟು ಹೊತ್ತು ಇಟ್ಟರೂ ಸರಿಯಾದ ಮೊಸರು ಆಗುವುದಿಲ್ಲ. ಡ್ರ್ಯಾಗ್ ಹಿಂದೆಯೇ ಒಬ್ಬ ಸವಾರ ಬಂದರೆ ಅವನ ಗಾಡಿಯ ಗೆರೆ ಹಾಗೇ ಹೆಪ್ಪುಗಟ್ಟುತ್ತದೆ. ಮಾರನೆ ದಿನ ಎಲ್ಲರ ಸ್ಕೀಯೂ ಆ ಗೆರೆಗೇ ಬೀಳುತ್ತದೆ.

ಅದಕ್ಕೇ ರಾತ್ರಿ ಕೆಲಸ. ಸಂಜೆ ಸವಾರರು ಮನೆ ಸೇರಬೇಕು. ಚಳಿ ಏರುತ್ತಾ ಹೋಗಬೇಕು. ಕೆಳಗಿನ ಹಿಮ ನೆಲದ ಕಾವಿನಿಂದ ಸ್ವಲ್ಪ ಬೆಚ್ಚಗಿರುತ್ತದೆ, ಮೇಲಿನದು ತಣ್ಣಗೆ. ಎರಡನ್ನೂ ಕಲಸಿದರೆ ಚೆನ್ನಾಗಿ ಕಟ್ಟಿಕೊಳ್ಳುತ್ತದೆ. ತೀರಾ ಬೆಚ್ಚಗಿದ್ದರೆ ಮುದ್ದೆಯಾಗುತ್ತದೆ. ಚಳಿ ಅತಿಯಾದರೆ ಒಣ ಮರಳಿನ ಹಾಗೆ ಉದುರುತ್ತದೆ, ಕಟ್ಟಿಕೊಳ್ಳಲು ಬಹಳ ಹೊತ್ತು ಬೇಕು. ಆ ಮುಷ್ಟಿ ಹಿಮ ಯಾಕೆ ಅಂತ ಈಗ ಗೊತ್ತಾಯಿತಲ್ವಾ?

ಇದನ್ನು ಮರೆತಾಗ ಏನಾಗುತ್ತದೆ ಅಂತಲೂ ನೋಡಿದ್ದೇನೆ. ಎರಡನೇ ಚಳಿಗಾಲ, ಒಂದು ಶನಿವಾರ. ವಾರವಿಡೀ ಬೆಚ್ಚಗಿತ್ತು, ಹಾದಿ ಕೆಟ್ಟಿತ್ತು. ದೂರದ ಊರುಗಳಿಂದ ಸವಾರರು ಬಂದಿಳಿದಿದ್ದರು. ಫೋನಿನ ಮೇಲೆ ಫೋನು. ಕೊನೆಗೆ ಹಗಲಲ್ಲೇ ಒಂದು ಸುತ್ತು ಹೊಡೆದುಬಿಡೋಣ ಅಂತ ತೀರ್ಮಾನವಾಯಿತು. ಮೈನಸ್ ಒಂದು ಡಿಗ್ರಿ, ಮೇಲೆ ಬಿಸಿಲು. ನಮ್ಮ ಆಪರೇಟರ್ ಬೇಡ ಅಂದರು, ಯಾರೂ ಕೇಳಲಿಲ್ಲ. ಹಾಸಿದ ಅರ್ಧ ಗಂಟೆಗೆ ಗಾಡಿಗಳು ನುಗ್ಗಿದವು. ಸಂಜೆಗೆ ಹಾದಿ ಮೊದಲಿಗಿಂತ ಹಾಳು. ಮೊದಲು ಉಬ್ಬು ಮಾತ್ರ ಇತ್ತು, ಈಗ ಬುಡವೂ ಸಡಿಲಾಗಿ ಒಂದಡಿ ಆಳದ ಚರಂಡಿ. ರಾತ್ರಿ ಮೈನಸ್ ಹದಿನೈದಕ್ಕೆ ಇಳಿಯಿತು. ಎಲ್ಲ ಹಾಗೇ ಕಲ್ಲಾಯಿತು. ಅದನ್ನು ಕೆತ್ತಿ ತೆಗೆಯಲು ಎರಡು ರಾತ್ರಿ ಬೇಕಾಯಿತು, ಒಂದು ಜೊತೆ ಅಲಗಿನ ಅಂಚು ಪೂರ್ತಿ ಸವೆಯಿತು. ಆ ಅಂಚು ಬಿಚ್ಚಿ ಹೊಸದು ಹಾಕಿದವನು ನಾನೇ. ನನಗೆ ನಿಜವಾಗಿ ಸಂಕಟವಾಯಿತು. ಯಾರ ಮೇಲೂ ಸಿಟ್ಟಲ್ಲ. ಹಸಿ ಡಾಂಬರಿನ ಮೇಲೆ ಗಾಡಿ ಬಿಟ್ಟು ರಸ್ತೆ ಕೆಡಿಸಿದ್ದನ್ನು ಮೂವತ್ತು ವರ್ಷ ನೋಡಿದವನು ನಾನು.

ಹಾದಿಯ ಕೆಲಸ ಜನವರಿಯಲ್ಲಿ ಶುರುವಾಗುವುದಿಲ್ಲ ಅಂತಲೂ ಹೇಳಬೇಕು. ಬೇಸಿಗೆ, ಶರತ್ಕಾಲದಲ್ಲಿ ಬಿದ್ದ ಮರ ಕಡಿಯುವುದು, ಸೇತುವೆ ರಿಪೇರಿ, ಬೋರ್ಡು. ಇವನ್ನು ಯಾರೂ ಊಹಿಸಬಹುದು. ನನಗೆ ಹೊಸದೆನಿಸಿದ್ದು ಜೌಗು ನೆಲದ ಕೆಲಸ. ಆ ಸೀಮೆಯಲ್ಲಿ ಹೆಜ್ಜೆಗೊಂದು ಜೌಗು. ಮೊದಲ ಹಿಮ ಬಿದ್ದ ಕೂಡಲೇ ಅದು ಕಂಬಳಿ ಹೊದೆಸಿದ ಹಾಗೆ. ಕೆಳಗಿನ ಕೆಸರು ಬೆಚ್ಚಗೇ ಇರುತ್ತದೆ, ಗಟ್ಟಿಯಾಗುವುದೇ ಇಲ್ಲ. ಅದಕ್ಕೇ ಹಗುರ ಗಾಡಿ ತೆಗೆದುಕೊಂಡು ಹೋಗಿ ಆ ಮೊದಲ ಹಿಮವನ್ನು ತುಳಿಯುತ್ತಾರೆ. ಗಾಳಿ ಹೊರಗೆ ಹೋದರೆ ಕಂಬಳಿ ತೆಳುವಾಯಿತು. ಚಳಿ ಕೆಳಗಿಳಿದು ಕೆಸರನ್ನು ಕಲ್ಲು ಮಾಡುತ್ತದೆ. ಆಮೇಲೆ ಅದರ ಮೇಲೆ ದೊಡ್ಡ ಯಂತ್ರ ಹೋಗಬಹುದು. ಏಪ್ರಿಲ್‌ನಲ್ಲಿ ಎಲ್ಲ ಕರಗಿ ಕಪ್ಪೆಗಳು ಕೂಗುತ್ತವೆ. ಅಲ್ಲಿ ಹಾದಿ ಇತ್ತು ಅಂತ ಹೇಳಿದರೂ ನಂಬಲಾಗದು.

ಹಾದಿ ಹೆಪ್ಪುಗಟ್ಟಿದ ಕೆರೆಗಳ ಮೇಲೂ ಹೋಗುತ್ತದೆ, ಆ ವಿಷಯ ಮಾತ್ರ ಭಯದ್ದು. ಮೇಲೆ ಹಿಮ ಜಾಸ್ತಿ ಬಿದ್ದರೆ ಕೆಳಗಿನ ಮಂಜುಗಡ್ಡೆ ತೆಳುವಾಗಿಯೇ ಉಳಿಯುತ್ತದೆ, ಮತ್ತದೇ ಕಂಬಳಿ. ಗಡ್ಡೆಯ ಬಣ್ಣವೂ ನೋಡಬೇಕು. ನೀಲಿ ಛಾಯೆಯ ತಿಳಿ ಗಡ್ಡೆ ಗಟ್ಟಿ. ಹಿಮ ನೆನೆದು ಹೆಪ್ಪಾದ ಬಿಳಿ ಗಡ್ಡೆಗೆ ಅದರ ಅರ್ಧದಷ್ಟೇ ಬಲ. ತೂತು ಕೊರೆದು ಅಳೆಯದೆ ನಮ್ಮ ಯಂತ್ರ ಕೆರೆಗೆ ಇಳಿಯುತ್ತಿರಲಿಲ್ಲ. ಮುಳುಗಿದ ಯಂತ್ರಗಳ, ಬಾರದ ಮನುಷ್ಯರ ಕಥೆ ಅಲ್ಲಿ ಎಲ್ಲರಿಗೂ ಗೊತ್ತು.

ಹಾದಿ ಹೋಗುವುದು ಯಾರ ನೆಲದ ಮೇಲೆ? ಬಹಳಷ್ಟು ಕಡೆ ರೈತರ ಹೊಲದ ಮೇಲೆ. ದುಡ್ಡಿಲ್ಲ. ಬರೀ ಅನುಮತಿ. ಒಬ್ಬ ರೈತ ಬೇಡ ಅಂದರೆ ಎರಡು ಊರಿನ ನಡುವಿನ ಕೊಂಡಿ ಕಳಚಿತು. ಅವರು ಬೇಡ ಅನ್ನುವುದಕ್ಕೆ ಕಾರಣವೂ ಇರುತ್ತದೆ. ಹಿಮದ ಕೆಳಗೆ ಲೂಸರ್ನ್ ಮೇವಿನ ಬೇರು ಮಲಗಿರುತ್ತದೆ. ಸವಾರ ಹಾದಿ ಬಿಟ್ಟು ಹೊಲದ ತುಂಬ ಓಡಾಡಿದರೆ ಹಿಮ ಒತ್ತಿ, ಚಳಿ ಇಳಿದು ಬೇರು ಸಾಯುತ್ತದೆ. ಜೌಗಿನಲ್ಲಿ ನಮಗೆ ಬೇಕಾದದ್ದೇ ಇಲ್ಲಿ ಬೇಡವಾದದ್ದು. ನಮ್ಮ ಆಪರೇಟರ್ ತಾವೇ ರೈತರಾದ್ದರಿಂದ ಹೊಲದ ಅಂಚಿನ ಗೂಟಗಳನ್ನು ಅಷ್ಟು ಶ್ರದ್ಧೆಯಿಂದ ನೆಡಿಸುತ್ತಿದ್ದರು. ಒಂದು ಬಿದ್ದಿದ್ದರೂ ಯಂತ್ರ ನಿಲ್ಲಿಸಿ ಇಳಿಯುತ್ತಿದ್ದರು.

ನಾವು ಇದ್ದ ಮೂರನೇ ಚಳಿಗಾಲ 2023-24. ಕೆನಡಾದ ದಾಖಲೆಯಲ್ಲೇ ಅಷ್ಟು ಬೆಚ್ಚನೆಯ ಚಳಿಗಾಲ ಇರಲಿಲ್ಲ. ಜೌಗು ಕಲ್ಲಾಗಲಿಲ್ಲ, ಕೆರೆ ಹೆಪ್ಪುಗಟ್ಟಲಿಲ್ಲ. ಎಷ್ಟೋ ರಾತ್ರಿ ಶೆಡ್ಡಿನಲ್ಲಿ ಕಾಫಿ ಕುಡಿದು ಥರ್ಮಾಮೀಟರ್ ನೋಡಿ ಮನೆಗೆ ಬಂದೆವು. ನಮ್ಮಲ್ಲಿ ಮಳೆ ಬಾರದ ಜೂನ್‌ನಲ್ಲಿ ರೈತರು ಕಟ್ಟೆಯ ಮೇಲೆ ಕೂತಿರುತ್ತಾರಲ್ಲ, ಅದೇ ಮುಖ, ಅದೇ ಮೌನ. ನನಗೆ ಭಾಷೆ ಬೇಕಾಗಲಿಲ್ಲ.

ನನ್ನ ಮಾತು ಇಷ್ಟೇ. ಪ್ರಶ್ನೆ ಇದ್ದರೆ ಕೇಳಿ.

(ಹಿರಿಯರೊಬ್ಬರು ನಮ್ಮ ದೇಶದಲ್ಲಿ ಇದು ಇದೆಯಾ ಅಂತ ಕೇಳಿದರು.)

ಗುಲ್ಮಾರ್ಗ್‌ನಲ್ಲಿ ಪ್ರವಾಸಿಗಳನ್ನು ಸ್ನೋಮೊಬೈಲ್ ಮೇಲೆ ಕರೆದೊಯ್ಯುತ್ತಾರೆ ರಾಯರೇ. ಊರಿಂದ ಊರಿಗೆ ಹೋಗುವ ಉದ್ದನೆಯ ಹಾದಿಗಳು ಅಲ್ಲಿಲ್ಲ. ನೀವು ಹೋದರೆ ಗಾಡಿಯಿಂದ ಇಳಿದು ಒಂದು ಹಿಡಿ ಹಿಮ ಅದುಮಿ ನೋಡಿ.

(ನಮ್ಮ ಟ್ರೆಕಿಂಗ್ ಗುಂಪಿನ ಹುಡುಗ ಒಬ್ಬ: "ಅಂಕಲ್, ಸಿಂಹಗಡದ ಹಾದಿಗೆ ಇದರಿಂದ ಏನಾದರೂ ಕಲಿಯಬಹುದಾ?")

ಒಳ್ಳೆಯದು ಕೇಳಿದೆಯಪ್ಪ. ನಾನು ಬಂದಾಗಿನಿಂದ ಇದನ್ನೇ ಯೋಚಿಸುತ್ತಿದ್ದೇನೆ. ಆತಕರವಾಡಿಯಿಂದ ಕೋಟೆಗೆ ಹತ್ತುವ ಹಾದಿ ನೋಡು. ಭಾನುವಾರ ಸಾವಿರಾರು ಜನ. ಜುಲೈನಲ್ಲಿ ನೀರು ಹಾದಿಯಲ್ಲೇ ಹರಿದು ಕೊರೆಯುತ್ತದೆ. ಕೆಸರು ತುಳಿಯಬಾರದು ಅಂತ ಜನ ಪಕ್ಕದ ಹುಲ್ಲಿನ ಮೇಲೆ ಹೋಗುತ್ತಾರೆ. ಹುಲ್ಲು ಸತ್ತು ಅದೂ ಹಾದಿಯಾಗುತ್ತದೆ, ಅಲ್ಲೂ ನೀರು ಕೊರೆಯುತ್ತದೆ. ಒಂದು ಹಾದಿ ಮೂರಾಗುತ್ತದೆ. ಮೊದಲ ಕೆಲಸ ನೀರನ್ನು ಹಾದಿಯಿಂದ ಆಚೆ ತಿರುಗಿಸುವುದು. ಓರೆಯಾಗಿ ಕಲ್ಲಿನ ಸಾಲು ಹೂತರೆ ಸಾಕು, ನಮ್ಮ ಹೊಲದ ಒಡ್ಡಿನ ಹಾಗೆ. ಎರಡನೆಯದು ಜೋರು ಮಳೆಯ ಮಾರನೆ ದಿನ ಆ ಹಾದಿಗೆ ಹೋಗದಿರುವುದು. ಮಣ್ಣು ಒಂದೆರಡು ದಿನ ಆರಲಿ. ಅರಣ್ಯ ಇಲಾಖೆಯ ಒಪ್ಪಿಗೆ ಸಿಕ್ಕರೆ ಕಲ್ಲು ಹೊರಲು ನಾನು ಬರುತ್ತೇನೆ. ಮೇಲೆ ಹೋಗಿ ಪಿಠಲ-ಭಾಕ್ರಿ ತಿನ್ನೋಣ.

(ಕೊನೆಗೆ ಆರನೇ ಕ್ಲಾಸಿನ ಒಬ್ಬಳು ಪುಟ್ಟ ಹುಡುಗಿ: "ಅಜ್ಜಾ, ರಾತ್ರಿ ಕಾಡಲ್ಲಿ ಭಯ ಆಗಲ್ವಾ?")

ಆಗುತ್ತಿತ್ತು ಪುಟ್ಟಿ. ಎದುರಿಂದ ಜೋರಾಗಿ ಗಾಡಿ ಬಂದರೆ ಅಂತ ಭಯ. ನಮ್ಮ ಯಂತ್ರ ಹಾದಿಯ ಅಷ್ಟೂ ಅಗಲ ತುಂಬಿಕೊಂಡಿರುತ್ತದೆ. ತಲೆಯ ಮೇಲೆ ಹಳದಿ ದೀಪ ಸುತ್ತುತ್ತಿರುತ್ತದೆ, ಆದರೂ ತಿರುವಿನಲ್ಲಿ ಎದೆ ಹೊಡೆದುಕೊಳ್ಳುತ್ತದೆ.

ಒಂದು ರಾತ್ರಿ ಸುಮಾರು ಮೂರು ಗಂಟೆ. ಬೆಳಕಿನ ತುದಿಯಲ್ಲಿ ಏನೋ ದೊಡ್ಡದು ನಿಂತಿತ್ತು. ಮೂಸ್ ಅನ್ನುತ್ತಾರೆ, ಕುದುರೆಗಿಂತ ಎತ್ತರದ ಜಿಂಕೆ ಜಾತಿ. ಜೊತೆಗೆ ಒಂದು ಮರಿ. ಕಾಡಿನಲ್ಲಿ ಹಿಮ ಅವುಗಳ ಹೊಟ್ಟೆಯ ತನಕ ಇರುತ್ತದೆ, ನಡೆಯುವುದು ಕಷ್ಟ. ಅದಕ್ಕೇ ಒತ್ತಿದ ಹಾದಿಗೆ ಬರುತ್ತವೆ. ಹೆದರಿಸಿದರೆ ಆಳ ಹಿಮಕ್ಕೆ ನುಗ್ಗಿ ಸುಸ್ತಾಗುತ್ತವೆ. ನಮ್ಮ ಆಪರೇಟರ್ ಯಂತ್ರ ನಿಲ್ಲಿಸಿದರು. ದೊಡ್ಡ ದೀಪ ಆರಿಸಿದರು. ಎಂಜಿನ್ ಸಣ್ಣಗೆ ಗುರ್ ಅನ್ನುತ್ತಿತ್ತು. ಅವು ನಮ್ಮ ಮುಂದೆ ಮುಂದೆ ನಿಧಾನವಾಗಿ ನಡೆದವು. ಆಮೇಲೆ ನಿಂತವು, ಮರಿ ಒಂದು ಪೊದೆ ತಿಂದಿತು. ಇಪ್ಪತ್ತು ನಿಮಿಷ ನಾವಿಬ್ಬರೂ ಮಾತಾಡಲಿಲ್ಲ. ಕೊನೆಗೆ ತಾಯಿ ಎಡಕ್ಕೆ ಕೆರೆಯ ಕಡೆ ಇಳಿಯಿತು, ಮರಿ ಹಿಂದೆಯೇ ಹೋಯಿತು.

ಶೆಡ್ಡಿಗೆ ಬಂದಾಗ ಐದು ಗಂಟೆ. ಪಟ್ಟೆಯೊಳಗೆ ಸಿಕ್ಕ ಹಿಮ ಬಡಿದು ತೆಗೆದೆವು, ಇಲ್ಲದಿದ್ದರೆ ಬೆಳಗಾಗುವಷ್ಟರಲ್ಲಿ ಗಡ್ಡೆಕಟ್ಟಿ ಚಕ್ರಗಳು ತಿರುಗುವುದಿಲ್ಲ. ಡ್ರ್ಯಾಗ್ ನೆಲಕ್ಕೆ ಅಂಟಿ ಹೆಪ್ಪುಗಟ್ಟದಿರಲಿ ಅಂತ ಕೆಳಗೆ ನಾಲ್ಕು ಮರದ ದಿಮ್ಮಿ ಕೊಟ್ಟೆವು. ಎಂಜಿನ್ ಬೆಚ್ಚಗಿಡುವ ಹೀಟರಿನ ಪ್ಲಗ್ ನಾನೇ ಹಾಕಿದೆ. ಮನೆಗೆ ಹೋದಾಗ ನಿಮ್ಮ ಅಜ್ಜಿ ಎದ್ದಿದ್ದರು. ಚಹಾ ಇಟ್ಟಿದ್ದರು.